ಬಿದ್ದದ್ದಕ್ಕೆ ಮುರಿಯಿತೋ, ಮುರಿಯುವುದಕ್ಕೇ ಕಾದಿತ್ತೋ?

ತುಮಕೂರಿನ ಮಂಡಿಪೇಟೆ ಕಡೆಯ ಕಿರಾಣಿ ಅಂಗಡಿ ಯಜಮಾನರೊಬ್ಬರ ತಾಯಿ. ವಯಸ್ಸು ಅರವತ್ತೆರಡು. ಗುಬ್ಬಿಯ ಮಗಳ ಮನೆಯಿಂದ ವಾಪಸ್ಸು ಬಂದವರು ಬಸ್ಸಿಳಿಯುವಾಗ ಕಡೇ ಮೆಟ್ಟಿಲಲ್ಲಿ ಕಾಲು ತಪ್ಪಿದರು. ಮಹಡಿ ಮೇಲಿಂದಲೋ ಮರದ ಮೇಲಿಂದಲೋ ಬಿದ್ದದ್ದಲ್ಲ, ನಿಂತ ಎತ್ತರದಿಂದ ನೆಲಕ್ಕೆ. ಬೀಳುವವರು ಯಾರೇ ಆದರೂ ಮಾಡುವಂತೆ ಅಂಗೈ ಊರಿದರು. ಮಣಿಕಟ್ಟು ಲಟಕ್ಕೆಂದಿತು.

ನಿಲ್ದಾಣದ ಟೀ ಅಂಗಡಿಯವರು ಸ್ಟೂಲು ಕೊಟ್ಟರು, ಯಾರೋ ಸೋಡ ತಂದರು. ಕಂಡಕ್ಟರ್ "ನಿಧಾನವಾಗಿ ಇಳೀಬಾರ್ದಾ ಅಜ್ಜಿ" ಎಂದು ಸೀಟಿ ಊದಿದ. ಎಕ್ಸ್‌ರೇ ಆಯಿತು, ಸಿಮೆಂಟ್ ಪಟ್ಟು ಬಿತ್ತು, ಚೀಟಿಯಲ್ಲಿ ಆರು ವಾರ ಬಿಟ್ಟು ಬನ್ನಿ ಎಂದು ಬರೆದದ್ದಾಯಿತು. ಜೊತೆಗೆ ಒಂದು ತಿಂಗಳಿಗಾಗುವಷ್ಟು ಕ್ಯಾಲ್ಸಿಯಂ ಮಾತ್ರೆ. ಮನೆಗೆ ಬಂದ ಮಗ ಹೇಳಿದ್ದು ಒಂದೇ ಮಾತು: "ಸದ್ಯ ಕೈಗೇ ಹೋಯ್ತಲ್ಲಮ್ಮ, ತಲೆಗೆ ಬಿದ್ದಿದ್ರೆ?"

ಆರು ವಾರಕ್ಕೆ ಪಟ್ಟು ಬಿಚ್ಚಿದರು. ಎಲ್ಲರೂ ಮರೆತರು. ಎರಡು ವರ್ಷ ಕಳೆದ ಮೇಲೆ ಒಂದು ಬೆಳಗಿನ ಜಾವ ಬಚ್ಚಲಲ್ಲಿ ಅದೇ ತಾಯಿ ಜಾರಿದರು. ಈ ಸಲ ಸೊಂಟ. ಅಂದರೆ ತೊಡೆಮೂಳೆಯ ಕತ್ತು. ಆಪರೇಷನ್, ರಾಡು, ವಾಕರ್. ಅಂಗಡಿ ಬಾಗಿಲು ಹನ್ನೆರಡು ದಿನ ಮುಚ್ಚಿತ್ತು. ಮೂರು ಹೊತ್ತೂ ಒಲೆ ಮುಂದೆ ನಿಲ್ಲುತ್ತಿದ್ದ ಹೆಂಗಸು ಈಗ ಬಚ್ಚಲಿಗೆ ಹೋಗಬೇಕಾದರೂ ಸೊಸೆಯನ್ನು ಕೂಗಬೇಕು.

ಮಂಡಿಪೇಟೆಯಲ್ಲಿ ಮಾತ್ರ ನಡೆದ ಕತೆ ಎಂದುಕೊಳ್ಳಬೇಡಿ. ಯಾವ ಬೀದಿಗೆ ಹೋಗಿ ಕೇಳಿದರೂ ಇಂಥದ್ದು ಒಂದಲ್ಲ, ಮೂರು ಸಿಗುತ್ತದೆ. "ಬಚ್ಚಲಲ್ಲಿ ಬಿದ್ರು, ಸೊಂಟ ಮುರೀತು, ಆಮೇಲೆ ಏಳಲೇ ಇಲ್ಲ." ಸೊಂಟ ಮುರಿದ ವೃದ್ಧರಲ್ಲಿ ಸುಮಾರು ಐದರಲ್ಲಿ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಎಷ್ಟೋ ಮಂದಿ ಮೊದಲಿನಂತೆ ಓಡಾಡುವುದಿಲ್ಲ. ಜನ ಬಿದ್ದದ್ದನ್ನು ಬೈಯುತ್ತಾರೆ, ಬಚ್ಚಲ ಕಲ್ಲನ್ನು ಬೈಯುತ್ತಾರೆ, ಗ್ರಹಚಾರವನ್ನು ಬೈಯುತ್ತಾರೆ. ಮೂಳೆಯನ್ನು ಯಾರೂ ಕೇಳುವುದಿಲ್ಲ. ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಮುರಿಯಬಾರದು. ಮುರಿದರೆ ಅದು ಒಳಗೇ ಟೊಳ್ಳಾಗಿತ್ತು ಎಂದರ್ಥ. ಡಾಕ್ಟರುಗಳು ಇದಕ್ಕೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ.

ಮಣಿಕಟ್ಟು ಮುರಿದಾಗಲೇ ಆ ಮನೆಗೆ ನೋಟಿಸು ಬಂದಿತ್ತು. ಅದನ್ನು ಯಾರೂ ಓದಲಿಲ್ಲ, ಅಷ್ಟೇ.

ಗಲ್ಲಾ ಖಾಲಿಯಾದರೆ ಗೋಡೌನಿಗೆ ಕೈ

ಮೂಳೆ ಎಂದರೆ ಕಲ್ಲು ಎಂಬ ಭಾವನೆ ಬಹಳ ಜನಕ್ಕಿದೆ. ಹಾಗಲ್ಲ. ಅದು ಸದಾ ರಿಪೇರಿ ನಡೆಯುತ್ತಿರುವ ಮನೆ. ಒಂದು ಜಾತಿಯ ಜೀವಕೋಶಗಳು ಹಳೇ ಮೂಳೆಯನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಜಾತಿಯವು ಆ ಗುಂಡಿಗೆ ಹೊಸದನ್ನು ತುಂಬುತ್ತವೆ. ಕೆಡವುವವರಿಗೆ ಎರಡು ಮೂರು ವಾರ ಸಾಕು. ಕಟ್ಟುವವರಿಗೆ ಮೂರು ನಾಲ್ಕು ತಿಂಗಳು ಬೇಕು. ಗಾರೆ ಕೆಲಸ ಮಾಡಿಸಿದವರಿಗೆ ಈ ಲೆಕ್ಕ ಹೊಸದೇನಲ್ಲ. ಹರೆಯದಲ್ಲಿ ಕಟ್ಟುವವರ ಕೈ ಮೇಲು. ಹದಿನೆಂಟು ಇಪ್ಪತ್ತರ ಹೊತ್ತಿಗೆ ಮೂಳೆಯ ನೂರಕ್ಕೆ ತೊಂಬತ್ತು ಭಾಗ ಕೂಡಿಟ್ಟಾಗಿರುತ್ತದೆ. ಮೂವತ್ತರ ಸುಮಾರಿಗೆ ಜಮೆ ನಿಲ್ಲುತ್ತದೆ. ಆಮೇಲೆ ನಿಧಾನಕ್ಕೆ ಖರ್ಚಿನ ಬಾಬತ್ತೇ ಹೆಚ್ಚು.

ಕ್ಯಾಲ್ಸಿಯಂನ ವ್ಯವಹಾರವಂತೂ ಅಂಗಡಿಯವರಿಗೆ ಹೇಳಿ ಕೊಡಬೇಕಾಗಿಲ್ಲ. ದೊಡ್ಡವರ ಮೈಯಲ್ಲಿ ಒಟ್ಟು ಸುಮಾರು ಒಂದು ಕೆ.ಜಿ. ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ಮೂಳೆ ಮತ್ತು ಹಲ್ಲಿನಲ್ಲಿ, ಅಂದರೆ ಗೋಡೌನಿನಲ್ಲಿ. ಉಳಿದ ಒಂದು ಭಾಗ ರಕ್ತ ಮತ್ತು ಮಾಂಸಖಂಡದಲ್ಲಿ. ಅದು ಗಲ್ಲಾಪೆಟ್ಟಿಗೆಯ ಚಿಲ್ಲರೆ. ಎದೆ ಬಡಿಯುವುದಕ್ಕೆ, ನರ ಆಡುವುದಕ್ಕೆ, ರಕ್ತ ಹೆಪ್ಪುಗಟ್ಟುವುದಕ್ಕೆ ಈ ಚಿಲ್ಲರೆ ಒಂದು ಕ್ಷಣವೂ ಕಡಿಮೆಯಾಗುವಂತಿಲ್ಲ. ಕಡಿಮೆಯಾಯಿತೋ, ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ಅಕ್ಕಿಕಾಳಿನ ಗಾತ್ರದಲ್ಲಿ ಕೂತಿರುವ ನಾಲ್ಕು ಗ್ರಂಥಿಗಳು ಪ್ಯಾರಾಥೈರಾಯ್ಡ್ ರಸ ಬಿಟ್ಟು ಗೋಡೌನಿನ ಬೀಗ ತೆಗೆಸುತ್ತವೆ. ಊಟದಲ್ಲಿ ಬರದಿದ್ದರೇನು, ಮೂಳೆಯಲ್ಲಿ ಇದೆಯಲ್ಲ, ತಗೋ ಎಂದ ಹಾಗೆ.

ಹೀಗಾಗಿಯೇ ಒಂದು ದೊಡ್ಡ ಮೋಸ ನಡೆಯುತ್ತದೆ. ಲ್ಯಾಬಿನಲ್ಲಿ ರಕ್ತ ಕೊಟ್ಟು "ಕ್ಯಾಲ್ಸಿಯಂ ನಾರ್ಮಲ್ ಬಂತು" ಎಂದು ನೆಮ್ಮದಿಯಾಗಿ ಹೋಟೆಲಿಗೆ ನುಗ್ಗಿ ಮಸಾಲೆ ದೋಸೆ ತಿಂದು ಬಂದವರು ಎಷ್ಟಿಲ್ಲ! ಗಲ್ಲಾ ತುಂಬಿದೆ ಎಂದ ಮಾತ್ರಕ್ಕೆ ಗೋಡೌನಿನಲ್ಲಿ ಮಾಲಿದೆ ಎಂದಾಯಿತೇ? ಇಪ್ಪತ್ತು ವರ್ಷ ಗೋಡೌನನ್ನು ಕೊರೆದು ಗಲ್ಲಾ ತುಂಬಿಸಿಕೊಂಡವರ ರಕ್ತದಲ್ಲೂ ಕ್ಯಾಲ್ಸಿಯಂ ನಾರ್ಮಲ್ಲೇ.

ಇನ್ನೊಂದು ಗೊಂದಲವೂ ಇದೆ. ಊರಲ್ಲಿ ಯಾರನ್ನೇ ಕೇಳಿ, "ಮೂಳೆ ಸವೆದಿದೆ" ಎನ್ನುತ್ತಾರೆ. ಅವರು ಹೇಳುತ್ತಿರುವುದು ಬಹುತೇಕ ಮಂಡಿ ನೋವು. ಅದು ಕೀಲಿನ ಸವೆತ, ಬೇರೆಯೇ ಕಾಯಿಲೆ. ಅದು ನೋಯುತ್ತದೆ, ಊದುತ್ತದೆ, ಮೆಟ್ಟಿಲು ಹತ್ತುವಾಗ ಅಮ್ಮಾ ಎನ್ನಿಸುತ್ತದೆ. ಮೂಳೆ ಟೊಳ್ಳು ಬೀಳುವುದು ಮುರಿಯುವ ತನಕ ನೋಯುವುದೇ ಇಲ್ಲ. ಗೆದ್ದಲು ತಿಂದ ತೊಲೆ ಹೊರಗೆ ಬಣ್ಣ ಹೊಡೆದುಕೊಂಡು ನಿಂತಿರುತ್ತದಲ್ಲ, ಹಾಗೆ. ಆದ್ದರಿಂದ ಮಂಡಿ ನೋವಿನವರು ಕ್ಯಾಲ್ಸಿಯಂ ನುಂಗಿ ನುಂಗಿ ಗುಣ ಕಾಣದೆ ಬೈಯುತ್ತಾರೆ. ನಿಜವಾಗಿ ಟೊಳ್ಳಾದವರು ನೋವಿಲ್ಲವಲ್ಲ ಎಂದು ಆರಾಮಾಗಿರುತ್ತಾರೆ.

ಬೆನ್ನುಹುರಿಯ ಮಣಿಗಳಂತೂ ಬೀಳದೆಯೂ ಕುಸಿಯುತ್ತವೆ. ನೀರಿನ ಕೊಡ ಎತ್ತಿದ್ದಕ್ಕೆ, ಕೆಮ್ಮಿದ್ದಕ್ಕೆ ಕೂಡ. ಇಂಥ ಮೂರು ಕುಸಿತದಲ್ಲಿ ಎರಡು ಯಾರ ಗಮನಕ್ಕೂ ಬರುವುದಿಲ್ಲ. ಬೆನ್ನು ನೋವು ಎಂದು ಮುಲಾಮು ಹಚ್ಚಿ ಮಲಗುತ್ತಾರೆ. ಮನೆಯ ಅಜ್ಜಿ ಗೂನಾಗುತ್ತಾ ಬರುತ್ತಾರೆ, ಮೊದಲು ಕೈಗೆ ಸಿಗುತ್ತಿದ್ದ ಅಟ್ಟದ ಡಬ್ಬಿ ಈಗ ಎಟುಕುವುದಿಲ್ಲ. "ವಯಸ್ಸಾಯ್ತು" ಎಂದು ಮನೆಯವರು ಷರಾ ಬರೆದುಬಿಡುತ್ತಾರೆ. ಹರೆಯದ ಎತ್ತರಕ್ಕಿಂತ ಒಂದೂವರೆ ಇಂಚು ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಬೇಕು, ಅದು ವಯಸ್ಸಲ್ಲ ಸ್ವಾಮಿ, ಮುರಿತ.

ಹೆಂಗಸರ ಪಾಲಿಗೇ ಏಕೆ?

ಗಂಡಸರಿಗೆ ಬರುವುದಿಲ್ಲ ಎಂದೇನೂ ಇಲ್ಲ. ಆದರೆ ಹೆಂಗಸರ ಗೋಡೌನು ಮೊದಲೇ ಚಿಕ್ಕದು, ಸೋರಿಕೆ ದೊಡ್ಡದು. ಈಸ್ಟ್ರೋಜನ್ ಎಂಬ ರಸ ಇರುವವರೆಗೆ ಕೆಡವುವ ಕೋಶಗಳಿಗೆ ಮೂಗುದಾರ ಇರುತ್ತದೆ. ಮುಟ್ಟು ನಿಂತ ಮೇಲೆ ಆ ದಾರ ಕಳಚುತ್ತದೆ. ಮೊದಲ ಐದಾರು ವರ್ಷಗಳಲ್ಲೇ ಕೆಲವರ ಮೂಳೆಯಲ್ಲಿ ಹತ್ತರಿಂದ ಇಪ್ಪತ್ತು ಭಾಗ ಕರಗಿಬಿಡುತ್ತದೆ. ಈ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ ನಲವತ್ತಾರು ನಲವತ್ತೇಳಕ್ಕೆ. ಬಿಳಿಯರ ನಾಡಿನಲ್ಲಿ ಐವತ್ತೊಂದು. ಅಷ್ಟು ವರ್ಷ ಮುಂಚೆಯೇ ಇಲ್ಲಿ ಸೋರಿಕೆ ಶುರು.

ಇದರ ಮೇಲೆ ಮನುಷ್ಯರೇ ಮಾಡಿದ ಅನ್ಯಾಯ ಒಂದಿದೆ. ಬಿಳಿಮುಟ್ಟು, ಹೊಟ್ಟೆ ನೋವು ಎಂದು ಹೋದ ಮೂವತ್ತು ಮೂವತ್ತೈದರ ಹೆಂಗಸರಿಗೆ "ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿ ಜಿಲ್ಲೆಯಲ್ಲಿ ಬಯಲಿಗೆ ಬಂದು 2015ರಲ್ಲಿ ರಾಜ್ಯವೆಲ್ಲ ಗುಲ್ಲಾಯಿತು. ಹೊಟ್ಟೆಪಾಡಿಗೆ ಕೂಲಿ ಮಾಡುವ ಲಂಬಾಣಿ, ದಲಿತ ಹೆಂಗಸರೇ ಹೆಚ್ಚು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಇಂಥವೇ ದೂರಿನ ಮೇಲೆ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಕೇಂದ್ರದ ಮಾರ್ಗಸೂಚಿ ಜಾರಿಗೆ ತರಬೇಕೆಂದು ಹೇಳಿತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ರಾತ್ರೋರಾತ್ರಿ ನಿಲ್ಲುತ್ತದೆ. ಮೂವತ್ತೈದಕ್ಕೇ ಮೂಳೆಗೆ ಮುಪ್ಪು. ಆಗ ಗಲಾಟೆ ಮಾಡಿದವರೂ ವರದಿ ಬರೆದವರೂ ಗರ್ಭಕೋಶದ ಲೆಕ್ಕ ಹಾಕಿದರು. ಆ ಹೆಂಗಸರ ಮೂಳೆಯ ಲೆಕ್ಕ ಹಾಕುವವರು ಬೇಕಾಗಿದ್ದಾರೆ. ಅವರೆಲ್ಲ ಈಗ ನಲವತ್ತೈದು ಐವತ್ತರ ಅಂಚಿನಲ್ಲಿದ್ದಾರೆ. ಮಣಿಕಟ್ಟು ಮುರಿಯುವ ವಯಸ್ಸು.

ಕಲ್ಯಾಣ ಮಂಟಪದ ಹಿಮ್ಮಡಿ ಪರೀಕ್ಷೆ

ವರ್ಷಕ್ಕೆ ಎರಡು ಸಲವಾದರೂ ಊರಿನ ಗೋಡೆಗಳ ಮೇಲೆ "ಉಚಿತ ಮೂಳೆ ತಪಾಸಣೆ" ಎಂಬ ಪೋಸ್ಟರು ಬೀಳುತ್ತದೆ. ಕಲ್ಯಾಣ ಮಂಟಪದಲ್ಲೋ ಮೆಡಿಕಲ್ ಸ್ಟೋರಿನ ಮುಂದೆಯೋ ಶಾಮಿಯಾನ. ತೂಕದ ಯಂತ್ರದಂಥ ಪೆಟ್ಟಿಗೆಯಲ್ಲಿ ಹಿಮ್ಮಡಿ ಇಡಬೇಕು, ಎರಡು ನಿಮಿಷಕ್ಕೆ ಚೀಟಿ ಬರುತ್ತದೆ. ಸಾಲಿನಲ್ಲಿ ನಿಂತ ಹತ್ತರಲ್ಲಿ ಎಂಟು ಜನಕ್ಕೆ ಏನಾದರೂ ಒಂದು ಕೊರತೆ ಇದ್ದೇ ಇರುತ್ತದೆ, ಪಕ್ಕದ ಮೇಜಿನ ಮೇಲೆ ಪುಡಿ ಡಬ್ಬವೂ ಇದ್ದೇ ಇರುತ್ತದೆ! ಆ ಹಿಮ್ಮಡಿ ಯಂತ್ರ ಸುಳ್ಳು ಎನ್ನುವಂತಿಲ್ಲ. ಅದು ಸುಳಿವು ಕೊಡಬಲ್ಲದು, ಅಷ್ಟೇ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಸೊಂಟ ಮತ್ತು ಬೆನ್ನನ್ನು ಅಳೆಯುವ ಡೆಕ್ಸಾ ಎಂಬ ಪರೀಕ್ಷೆ. ಅದರಲ್ಲಿ ಬರುವ ಟಿ-ಸ್ಕೋರು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ಗೆರೆ ಎಳೆದಿದೆ.

ಮಾತ್ರೆಯ ಲೇಬಲ್ಲನ್ನೂ ಒಂದು ಸಲ ಓದಿ ನೋಡಿ. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ ಎಂದಿರುತ್ತದೆ. ಅದು ಮೂಟೆ ಸಮೇತದ ತೂಕ. ಒಳಗಿರುವ ಅಸಲು ಕ್ಯಾಲ್ಸಿಯಂ 500 ಮಿಲಿಗ್ರಾಂ. ಈ ಜಾತಿಯ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಂಡರೆ ಒಗ್ಗುತ್ತದೆ. ಒಂದೇ ಸಲ ಎರಡು ನುಂಗಿದರೆ ದುಡ್ಡು ದಂಡ, ಏಕೆಂದರೆ ಒಂದು ಹೊತ್ತಿಗೆ 500ಕ್ಕಿಂತ ಹೆಚ್ಚನ್ನು ಕರುಳು ಸರಿಯಾಗಿ ಹೀರುವುದಿಲ್ಲ. ಕಬ್ಬಿಣದ ಮಾತ್ರೆಯ ಜೊತೆ ನುಂಗಿದರೆ ಇದು ಅದನ್ನು ಹೀರಗೊಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಬಸುರಿ ಹೆಂಗಸರಿಗೆ ಎರಡೂ ಸ್ಟ್ರಿಪ್ಪನ್ನು ಒಟ್ಟಿಗೆ ಕೊಟ್ಟು ಕಳಿಸುವಾಗ ಈ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು?

ಅಸಲಿಗೆ ಮಾತ್ರೆ ನುಂಗಿದರೆ ಮೂಳೆ ಮುರಿಯುವುದು ತಪ್ಪುತ್ತದೆಯೇ? ಉತ್ತರ ಎರಡು ಬಗೆ. ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ ಸರಾಸರಿ ವಯಸ್ಸು ಎಂಬತ್ತು ದಾಟಿದ್ದ ಮೂರು ಸಾವಿರಕ್ಕೂ ಹೆಚ್ಚು ಮುದುಕಿಯರಲ್ಲಿ ಅರ್ಧದಷ್ಟು ಜನಕ್ಕೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟು ನೋಡಿ 1992ರಲ್ಲಿ ಪ್ರಕಟಿಸಿದರು. ಸೊಂಟ ಮುರಿತ ನೂರಕ್ಕೆ ನಲವತ್ಮೂರರಷ್ಟು ಕಡಿಮೆಯಾಗಿತ್ತು. ಅವರು ಬಿಸಿಲು ಕಾಣದವರು, ಊಟ ಸೇರದವರು. ಅಮೆರಿಕದಲ್ಲಿ 36,282 ಹೆಂಗಸರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ 2006ರಲ್ಲಿ ಬಂತು. ಸೊಂಟ ಮುರಿತದಲ್ಲಿ ಗಟ್ಟಿಯಾಗಿ ಹೇಳುವಂಥ ಇಳಿಕೆ ಕಾಣಲಿಲ್ಲ, ಕಿಡ್ನಿ ಕಲ್ಲು ಮಾತ್ರ ನೂರಕ್ಕೆ ಹದಿನೇಳರಷ್ಟು ಜಾಸ್ತಿಯಾಯಿತು. ಅಲ್ಲಿನವರು ಹಾಲು ಚೀಸು ತಿಂದು ಮೊದಲೇ ತುಂಬಿಕೊಂಡವರು. ತುಂಬಿದ ಕೊಡಕ್ಕೆ ನೀರು ಸುರಿದರೆ ಚೆಲ್ಲದೆ ಇನ್ನೇನಾಗುತ್ತದೆ? ಕೊರತೆ ಇದ್ದವರಿಗೆ ಕ್ಯಾಲ್ಸಿಯಂ ಬೇಕೇ ಬೇಕು. ಆದರೆ ಆಗಲೇ ಟೊಳ್ಳಾಗಿ ಒಂದು ಸಲ ಮುರಿದವರಿಗೆ ಅದೊಂದೇ ಸಾಲದು. ಅವರಿಗೆ ಬೇರೆ ಔಷಧವಿದೆ, ಆ ವಿಷಯ ಮುಂದೆ ಬರುತ್ತದೆ.

ಹುಚ್ಚು ಇಂಜೆಕ್ಷನ್ನಿನ ಕಡೆಗೂ ತಿರುಗಿದೆ. ವಿಟಮಿನ್ ಡಿ ಸೂಜಿ ಒಂದು ಚುಚ್ಚಿಬಿಡಿ ಡಾಕ್ಟ್ರೇ, ವರ್ಷಪೂರ್ತಿ ತಲೆಬಿಸಿ ಬೇಡ ಎನ್ನುವವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಡಿ ಒಂದೇ ಗುಟುಕಿಗೆ ಕೊಟ್ಟು ನೋಡಿದರು. 2010ರಲ್ಲಿ ಬಂದ ಫಲ ಏನು ಗೊತ್ತೇ? ಡಿ ಪಡೆದವರೇ ಹೆಚ್ಚು ಬಿದ್ದರು, ಹೆಚ್ಚು ಮುರಿದುಕೊಂಡರು.

ರಾಗಿ ನಾಡಿನಲ್ಲಿ ಬರ

ತುಮಕೂರು ರಾಗಿ ಬೆಳೆಯುವ ಜಿಲ್ಲೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಗೋಧಿ ಹಿಟ್ಟಿನಲ್ಲಿ ಸುಮಾರು ಮೂವತ್ತು. ಹಸುವಿನ ಹಾಲಿನಲ್ಲಿ 118. ಹುರುಳಿಕಾಳಿನಲ್ಲಿ 269. ನುಗ್ಗೆ ಸೊಪ್ಪಿನಲ್ಲಿ ಮುನ್ನೂರಕ್ಕೂ ಮೇಲೆ. ಎಳ್ಳಿನಲ್ಲಂತೂ ಸಾವಿರದ ಮೇಲೆ, ಆದರೆ ಎಳ್ಳನ್ನು ಮುದ್ದೆಯ ಹಾಗೆ ತಿನ್ನುವವರು ಯಾರು? ಅದೇ ಸಂಸ್ಥೆ 2010ರಲ್ಲಿ ದೊಡ್ಡವರಿಗೆ ದಿನಕ್ಕೆ 600 ಮಿಲಿಗ್ರಾಂ ಸಾಕು ಎಂದಿತ್ತು. 2020ರಲ್ಲಿ ಅದನ್ನು 1000ಕ್ಕೆ ಏರಿಸಿತು. ಮುಟ್ಟು ನಿಂತ ಹೆಂಗಸರಿಗೆ 1200.

ಈಗ ಒಂದು ಸಾದಾ ಮನೆಯ ಲೆಕ್ಕ ಹಾಕಿ. ಹಿಂದೆ ಹೊಲದಿಂದ ಬಂದವರು ಎರಡು ಮುದ್ದೆ, ಹುರುಳಿ ಸಾರು, ಒಂದು ಲೋಟ ಮಜ್ಜಿಗೆ ಮುಗಿಸಿದರೆ ಸಾವಿರದ ಹತ್ತಿರ ಹೋಗುತ್ತಿತ್ತು. ಈಗ ಬೆಳಿಗ್ಗೆ ಇಡ್ಲಿ ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ. ನಡುವೆ ಕಾಲು ಲೋಟ ಹಾಲಿಗೆ ಮುಕ್ಕಾಲು ನೀರು ಸೇರಿಸಿದ ನಾಲ್ಕು ಕಾಫಿ. ಮುದ್ದೆ "ಹಳ್ಳಿಯವರ ಊಟ" ಎಂದು ಮೂಗು ಮುರಿದ ತಲೆಮಾರಿಗೆ ಈಗ ಸೊಂಟ ಮುರಿಯುವ ಸರದಿ. ಇತ್ತ ಸಕ್ಕರೆ ಕಾಯಿಲೆ ಬಂದ ಮೇಲೆ ಪೇಟೆಯವರು ರಾಗಿಯನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಬಿಡಿ, ಯಾವ ಕಾರಣಕ್ಕಾದರೂ ಬರಲಿ.

ರಾಗಿಯನ್ನು ದೇವರು ಮಾಡಿ ಕೂರಿಸುವುದೂ ಬೇಡ. ಅದರ 364ರಲ್ಲಿ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಕಾಳಿನ ಸಿಪ್ಪೆಯಲ್ಲಿರುವ ಫೈಟಿಕ್ ಆಮ್ಲ ಒಂದಷ್ಟನ್ನು ಕಟ್ಟಿಹಾಕಿಕೊಳ್ಳುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ಕಟ್ಟು ಸಡಿಲುತ್ತದೆ. ಅಜ್ಜಿಯರು ಕೂಸಿಗೆಂದು ಮೊಳಕೆ ರಾಗಿಯ ಸರಿ ಮಾಡುತ್ತಿದ್ದುದು ಸುಮ್ಮನಲ್ಲ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಮಾತ್ರ ಬಹುತೇಕ ಹೆಸರಿಗಷ್ಟೇ, ಅದರ ಆಕ್ಸಲೇಟು ಹೊರಗೆ ಬಿಟ್ಟುಕೊಡುವುದಿಲ್ಲ. ಎಲೆಯಡಿಕೆಯ ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ಎಂದು ವಾದಿಸುವ ಹಿರಿಯರೂ ಇದ್ದಾರೆ. ಇರುವುದು ನಿಜ. ಆದರೆ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಸಾರಿದೆ. ಮೂಳೆ ಉಳಿಸಲು ಬಾಯಿ ಕಳೆದುಕೊಳ್ಳುವ ವ್ಯಾಪಾರ ಯಾರಿಗೆ ಬೇಕು!

ಮಕ್ಕಳ ವಿಷಯದಲ್ಲಿ ಸರ್ಕಾರ ಒಂದೆರಡು ಒಳ್ಳೆಯ ಕೆಲಸ ಮಾಡಿದ್ದನ್ನು ಹೇಳಲೇಬೇಕು. 2013ರಲ್ಲಿ ಕ್ಷೀರಭಾಗ್ಯದ ಹಾಲು ಶಾಲೆಗೆ ಬಂತು. 2024ರಲ್ಲಿ ಅದರ ಜೊತೆಗೆ ರಾಗಿ ಮಾಲ್ಟ್ ಸೇರಿತು. ಇಪ್ಪತ್ತು ವರ್ಷದೊಳಗೇ ಜಮೆಯಾಗಬೇಕಾದ ಮಾಲು ಇದು. ಹೆಣ್ಣುಮಕ್ಕಳು ಆ ಲೋಟವನ್ನು ಗಿಡದ ಬುಡಕ್ಕೆ ಚೆಲ್ಲದಂತೆ ನೋಡಿಕೊಳ್ಳುವ ಮೇಷ್ಟರಿಗೆ ನಮಸ್ಕಾರ ಹೇಳಬೇಕು.

ಗಲ್ಲಾ ಮುಂದೆ ಕೂತವರ ಬಿಸಿಲು

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ದಾಟಲು ವಿಟಮಿನ್ ಡಿ ಬೇಕು. ಅದಕ್ಕೆ ಚರ್ಮದ ಮೇಲೆ ಬಿಸಿಲು ಬೀಳಬೇಕು. ಬೆಳಗಿನ ಎಳೆ ಬಿಸಿಲು ಹಿತ, ಆದರೆ ಡಿ ಹುಟ್ಟಿಸುವ ಕಿರಣ ಹೆಚ್ಚಾಗಿ ಇರುವುದು ಹನ್ನೊಂದರಿಂದ ಎರಡರ ನಡುವೆ. ಆ ಹೊತ್ತಿನಲ್ಲಿ ಅಂಗಡಿಯವರು ಎಲ್ಲಿರುತ್ತಾರೆ? ಶೀಟಿನ ನೆರಳಲ್ಲಿ, ಗಲ್ಲಾ ಹಿಂದೆ, ಫ್ಯಾನಿನ ಕೆಳಗೆ. ಬಾಗಿಲು ತೆಗೆಯುವಾಗ ಸೂರ್ಯ ಏಳುತ್ತಿರುತ್ತಾನೆ, ಮುಚ್ಚುವಾಗ ಮುಳುಗಿ ಎರಡು ಗಂಟೆಯಾಗಿರುತ್ತದೆ. ಬೆಂಗಳೂರಿಗೆ ದಿನಾ ಓಡಾಡುವ ಬಸ್ ಪಾಸಿನವರು "ಕಿಟಕಿ ಪಕ್ಕ ಬಿಸಿಲು ಬೀಳುತ್ತಲ್ಲ" ಎನ್ನಬಹುದು. ಗಾಜಿನ ಮೂಲಕ ಬರುವುದು ಬರೀ ಶಾಖ, ಬೇಕಾದ ಕಿರಣವನ್ನು ಗಾಜು ಹೊರಗೇ ತಡೆಯುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಕೈ ಕಾಲಿಗೆ ಹದಿನೈದು ಇಪ್ಪತ್ತು ನಿಮಿಷ ಬಿಸಿಲು ಬಿದ್ದರೆ ನಷ್ಟವೇನಿಲ್ಲ. ನಡೆದೇ ಮನೆಗೆ ಹೋಗಿಬಂದರೆ ಇನ್ನೂ ಒಳ್ಳೆಯದು, ಭಾರ ಹೊತ್ತು ನಡೆಯುವ ಮೂಳೆಯೇ ಗಟ್ಟಿಯಾಗಿ ಉಳಿಯುವುದು.

ಗಂಡಸರ ಮೂಳೆಗೆ ಬೀಡಿಯೂ ಶೀಷೆಯೂ ಶತ್ರುಗಳು. ಇವೆರಡಕ್ಕಿಂತ ಗುಟ್ಟಾದದ್ದು ಮತ್ತೊಂದಿದೆ: ದಮ್ಮಿಗೆ, ಮಂಡಿ ನೋವಿಗೆ ಎಂದು ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ. ಎರಡು ದಿನಕ್ಕೆ ಜಿಗಿದಾಡುವಂತೆ ಮಾಡುತ್ತದೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಹಲವೆಡೆ ಪತ್ತೆಯಾಗಿದೆ. ಸ್ಟೀರಾಯ್ಡನ್ನು ಮೂರು ತಿಂಗಳು ಬಿಡದೆ ತೆಗೆದುಕೊಂಡರೆ ಸಾಕು, ಮೂಳೆ ಕರಗಲು ಶುರುವಾಗಿರುತ್ತದೆ. ಡಾಕ್ಟರೇ ಬೇಕಾಗಿ ಬರೆದುಕೊಟ್ಟಿದ್ದರೆ ಮಾತು ಬೇರೆ, ಅದನ್ನು ತಾವಾಗಿ ಥಟ್ಟನೆ ನಿಲ್ಲಿಸುವಂತಿಲ್ಲ. ಮೂಳೆಗೆ ಏನು ಕಾವಲು ಎಂದು ಕೇಳಬೇಕು, ಅಷ್ಟೇ.

ಪಾವಗಡ, ಶಿರಾ ಕಡೆಯವರಿಗೆ ಇನ್ನೊಂದು ಸಂಕಟ, ಕೊಳವೆಬಾವಿಯ ಫ್ಲೋರೈಡು. ಅಲ್ಲಿ ಎಕ್ಸ್‌ರೇ ತೆಗೆದರೆ ಮೂಳೆ ದಪ್ಪಗೆ ಬೆಳ್ಳಗೆ ಕಾಣುತ್ತದೆ. ಗಟ್ಟಿ ಎಂದುಕೊಂಡರೆ ತಪ್ಪು. ಅಮೆರಿಕದ ಡಾಕ್ಟರುಗಳು ಆಸ್ಟಿಯೋಪೊರೋಸಿಸ್‌ಗೆ ಫ್ಲೋರೈಡನ್ನೇ ಮದ್ದಾಗಿ ಕೊಟ್ಟು ನೋಡಿದ್ದರು. 1990ರಲ್ಲಿ ಬಂದ ಫಲ ನೋಡಿ ಸುಸ್ತಾದರು. ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷದಲ್ಲಿ ನೂರಕ್ಕೆ ಮೂವತ್ತೈದರಷ್ಟು ಏರಿತ್ತು, ಬೆನ್ನಿನ ಮುರಿತ ಲೆಕ್ಕಕ್ಕೆ ಬರುವಷ್ಟು ತಗ್ಗಲಿಲ್ಲ, ಬೇರೆ ಮೂಳೆಗಳ ಮುರಿತ ಹೆಚ್ಚಾಯಿತು. ಪಾವಗಡದ ಅಜ್ಜಂದಿರು ಬಗ್ಗಿದ ಬೆನ್ನಿನಲ್ಲಿ ಇದನ್ನೇ ಹೇಳುತ್ತಾ ಬಂದಿದ್ದಾರೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಡಿನ ಕಾಟ ಜಾಸ್ತಿ. ಆದ್ದರಿಂದ ಆ ತಾಲ್ಲೂಕುಗಳಿಗೆ ಒಳ್ಳೆಯ ನೀರು ಮೊದಲು, ಮಿಕ್ಕಿದ್ದು ಆಮೇಲೆ.

ಪಟ್ಟು ಕಟ್ಟಿ ಕಳಿಸಿದರೆ ಮುಗಿಯಿತೇ?

ಮತ್ತೆ ಮಂಡಿಪೇಟೆಯ ತಾಯಿಯ ಮಣಿಕಟ್ಟಿಗೆ ಬನ್ನಿ. ಅವತ್ತು ಏನಾಗಬೇಕಿತ್ತು?

ಐವತ್ತು ದಾಟಿದವರು ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದುಕೊಂಡು ಬಂದರೆ, ಪಟ್ಟು ಕಟ್ಟುವ ಕೈಯೇ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು: ಇಷ್ಟಕ್ಕೇ ಏಕೆ ಮುರಿಯಿತು? ಮುಟ್ಟು ಯಾವಾಗ ನಿಂತಿತು, ಗರ್ಭಕೋಶ ತೆಗೆದಿದೆಯೇ, ಸ್ಟೀರಾಯ್ಡ್ ನುಂಗುತ್ತಿದ್ದಾರೆಯೇ, ತಾಯಿಗೆ ಸೊಂಟ ಮುರಿದಿತ್ತೇ? ಡೆಕ್ಸಾ ಒಂದು ಬರೆದುಕೊಡಬೇಕಿತ್ತು. "ಆ ಮಿಷನ್ನು ಇಲ್ಲಿಲ್ಲ, ಬೆಂಗಳೂರಿಗೆ ಹೋಗಬೇಕು" ಎನ್ನುವುದು ಪೂರ್ತಿ ಸಬೂಬಲ್ಲ, ಸಣ್ಣ ಊರುಗಳಲ್ಲಿ ಅದು ಕಷ್ಟವೇ. ಆದರೆ ಸೊಂಟವೋ ಬೆನ್ನುಮಣಿಯೋ ಹೀಗೆ ಸಣ್ಣ ಪೆಟ್ಟಿಗೆ ಮುರಿದಿದ್ದರೆ ಮಿಷನ್ನಿಗೆ ಕಾಯಬೇಕಾಗಿಯೇ ಇಲ್ಲ, ಮುರಿದದ್ದೇ ಸಾಕ್ಷಿ. ಚಿಕಿತ್ಸೆ ಶುರು ಮಾಡಬಹುದು.

ಚಿಕಿತ್ಸೆ ಇದೆಯೇ ಎಂದು ಕೇಳುವವರೇ ಹೆಚ್ಚು. ಇದೆ. ಕೆಡವುವ ಕೋಶಗಳಿಗೆ ಕಡಿವಾಣ ಹಾಕುವ ಅಲೆಂಡ್ರೊನೇಟ್ ಎಂಬ ಮಾತ್ರೆ ವಾರಕ್ಕೊಂದು ಸಾಕು. ಬರಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ನೆಟ್ಟಗಿರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಬೆನ್ನುಮಣಿ ಒಮ್ಮೆ ಕುಸಿದಿದ್ದ ಹೆಂಗಸರಲ್ಲಿ ಇದು ಸೊಂಟ ಮುರಿತವನ್ನು ಅರ್ಧದಷ್ಟು ಇಳಿಸಿತೆಂದು 1996ರಲ್ಲೇ ಗೊತ್ತಾಗಿದೆ. ಜೊಲೆಡ್ರೊನಿಕ್ ಆಮ್ಲ ಎಂಬುದನ್ನು ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುತ್ತಾರೆ. ಸೊಂಟ ಮುರಿದು ಆಪರೇಷನ್ ಆದವರಿಗೆ ಅದನ್ನು ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಮತ್ತೆ ಮುರಿಯುವುದು ಮಾತ್ರವಲ್ಲ, ಸಾವೂ ನೂರಕ್ಕೆ ಇಪ್ಪತ್ತೆಂಟರಷ್ಟು ಕಡಿಮೆಯಾಯಿತೆಂದು 2007ರಲ್ಲಿ ಪ್ರಕಟವಾಗಿದೆ. ಕಿಡ್ನಿ, ಹಲ್ಲು ನೋಡಿಕೊಂಡು ಡಾಕ್ಟರೇ ಕೊಡಬೇಕಾದ ಮದ್ದುಗಳಿವು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೇಳುವಂಥದ್ದಲ್ಲ.

ಹೀಗಿರುವಾಗ ಹಾರ್ಟ್ ಅಟ್ಯಾಕ್ ಆದವರನ್ನು ಎದೆ ನೋವು ನಿಂತಿತು ಎಂದು ಬರಿಗೈಯಲ್ಲಿ ಮನೆಗೆ ಕಳಿಸುವ ಡಾಕ್ಟರು ಯಾರಾದರೂ ಇದ್ದಾರೆಯೇ? ಬಿ.ಪಿ. ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಜೀವಮಾನದ ಮಾತ್ರೆ ಬರೆಯುತ್ತಾರೆ. ಮೂಳೆಗೆ ಮಾತ್ರ ಆ ಮರ್ಯಾದೆ ಇಲ್ಲ. ಮೂಳೆ ಡಾಕ್ಟರು ಕೂಡಿಸಿ ಕಳಿಸುತ್ತಾರೆ, ಟೊಳ್ಳಿನ ವಿಚಾರ ಫಿಜಿಷಿಯನ್ನರದ್ದು ಎನ್ನುತ್ತಾರೆ. ಫಿಜಿಷಿಯನ್ನರು ಅದು ಮೂಳೆ ಡಾಕ್ಟರ ಕೆಲಸ ಎನ್ನುತ್ತಾರೆ. ಇನ್ನು ಎಕ್ಸ್‌ರೇಯೂ ಇಲ್ಲದೆ ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದವರಿಗೆ ಈ ಇಬ್ಬರೂ ಸಿಗುವುದಿಲ್ಲ. ಮಣಿಕಟ್ಟು ಕೂಡಿತೆಂದೇ ಇಟ್ಟುಕೊಳ್ಳಿ, ಸೊಂಟವನ್ನು ಕಾಯುವವರು ಯಾರು?

ಬೀಳದಂತೆ ನೋಡಿಕೊಳ್ಳುವುದು ಇನ್ನರ್ಧ ಕೆಲಸ. ಬಚ್ಚಲ ಗೋಡೆಗೊಂದು ಹಿಡಿ, ರಾತ್ರಿ ಉರಿಯುವ ಸಣ್ಣ ಬಲ್ಬು, ಕಣ್ಣಿನ ಪೊರೆಗೆ ಆಪರೇಷನ್, ತಲೆ ಸುತ್ತಿಸುವ ನಿದ್ದೆ ಮಾತ್ರೆಗೆ ಕತ್ತರಿ. ಇಷ್ಟನ್ನು ಮನೆಯವರು ಮಾಡಬಹುದು. ಬಸ್ಸಿನ ಮೆಟ್ಟಿಲನ್ನು ಮನೆಯವರು ತಗ್ಗಿಸಲಾರರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಮನೆಯಲ್ಲೇ ಇರುತ್ತಿದ್ದ ಎಷ್ಟೋ ಅಜ್ಜಿಯರು ಬಸ್ಸು ಹತ್ತಿದ್ದಾರೆ. ಒಳ್ಳೆಯದೇ ಆಯಿತು, ನಡೆದಾಡಿದರೆ ಮೂಳೆಗೂ ಲಾಭ. ಟಿಕೆಟ್ಟು ಬಿಟ್ಟಿಯಾಯಿತು, ಮೆಟ್ಟಿಲು ಮೊಣಕಾಲೆತ್ತರವೇ ಉಳಿಯಿತು. ನಿಲ್ದಾಣದ ಅಂಕಣಕ್ಕೆ ತಾಗಿಸಿ ನಿಲ್ಲಿಸಬೇಕಾದ ಬಸ್ಸನ್ನು ಒಂದು ಮಾರು ದೂರದಲ್ಲಿ ನಿಲ್ಲಿಸಿದರೆ ಆ ಮೊಣಕಾಲೆತ್ತರ ಇನ್ನೂ ಒಂದು ಗೇಣು ಏರುತ್ತದೆ. ಬಸ್ಸನ್ನು ತಾಗಿಸಿ ನಿಲ್ಲಿಸಲು, ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಸೀಟಿ ಊದಲು ಡಿಪೋ ಮ್ಯಾನೇಜರ ಒಂದು ಆದೇಶ ಸಾಕು, ಬಜೆಟ್ಟು ಬೇಕಿಲ್ಲ. ನಗರಪಾಲಿಕೆಯವರೂ ಚರಂಡಿ ಮೇಲಿನ ಅಲ್ಲಾಡುವ ಕಲ್ಲುಚಪ್ಪಡಿಗಳ ಮೇಲೆ ತಮ್ಮ ಮನೆಯ ಹಿರಿಯರೊಬ್ಬರನ್ನು ನಡೆಸಿ ನೋಡಲಿ.

ಆಸ್ಪತ್ರೆಗಳ ಪಟ್ಟು ಚೀಟಿಯಲ್ಲಿ "ಆರು ವಾರ ಬಿಟ್ಟು ಬನ್ನಿ" ಎಂಬ ಸಾಲಿನ ಕೆಳಗೆ ಖಾಲಿ ಜಾಗ ಬೇಕಾದಷ್ಟಿದೆ. ಅಲ್ಲಿ ಒಂದು ರಬ್ಬರ್ ಸ್ಟಾಂಪು ಬೀಳಲಿ: "ವಯಸ್ಸು 50 ದಾಟಿದೆ, ಮೂಳೆಯ ಬಲ ಪರೀಕ್ಷಿಸಬೇಕು." ಸ್ಟಾಂಪು ಮಾಡಿಸಲು ಎಷ್ಟು ಖರ್ಚಾಗುತ್ತದೆಂದು ಮಂಡಿಪೇಟೆಯ ಆ ಯಜಮಾನರನ್ನು ಕೇಳಿದರೆ ಸಾಕು, ಅವರೇ ಮಾಡಿಸಿಕೊಟ್ಟಾರು.